ಏಟಿನ ಸದ್ದು

ತಂಗಿ ಕೀಲಿ ಒತ್ತಿದಳು. ಸ್ಪೀಕರಿನಿಂದ ಕೆನ್ನೆಗೆ ಬಿದ್ದ ಏಟಿನ ಸದ್ದು ಬಂತು. ಬೆನ್ನಿಗೇ ಮಳೆ, ರೈಲು, ಪಿಟೀಲು ಒಟ್ಟಿಗೆ ಶುರುವಾದವು. ನಡುವೆ ಚಟ್ ಚಟ್ ಎಂದು ಏನೋ ಸಿಡಿಯಿತು.

"ಕೇಳಿಸ್ತಾ?"

"ನಿನ್ನ ಕಿವಿಗೆ ಬೇರೆ ಕೆಲಸ ಇಲ್ಲ," ಎಂದ ಅಣ್ಣ. ಕಂಪ್ಯೂಟರಿನ ಅಂಗಡಿ ಅವನದೇ. ಮೇಜಿನ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಫ್ಯಾನುಗಳು ಬಣ್ಣ ಬದಲಿಸುತ್ತ ತಿರುಗುತ್ತಿದ್ದವು. "ಇದು ನಾಲ್ಕು ಕೋರ್, ಎಂಟು ಥ್ರೆಡ್. ಮಲ್ಟಿಥ್ರೆಡಿಂಗ್ ಅಂದ್ರೆ ಒಂದೊಂದು ಕೋರೂ ಇಬ್ಬರ ಕೆಲಸ ಮಾಡುತ್ತೆ. ನೀನು ಕಣ್ಣು ಹಾಕಿರೋ ಆ ಬೋಳು ಡಬ್ಬದಲ್ಲಿ ಆರು ಕೋರ್, ಥ್ರೆಡ್ಡೂ ಆರೇ. ಎಂಟು ದೊಡ್ಡದೋ, ಆರು ದೊಡ್ಡದೋ?"

"ಆ ಇಬ್ಬರೂ ಒಂದೇ ಕೋರಿಗೆ ಒಂದೇ ಸಲ ಕೈ ಚಾಚಿದ್ರೆ?"

ಅಣ್ಣ ಗಂಟಲು ಸರಿಮಾಡಿಕೊಂಡ. "ಒಬ್ಬ ಒಂಚೂರು ಕಾಯ್ಬೇಕು. ಒಂದೇ ಒಂಚೂರು, ತಾಯಿ!"

ಆ ಒಂಚೂರೇ ಅವಳ ಅನ್ನಕ್ಕೆ ಕಲ್ಲು ಹಾಕಲು ಕಾದಿತ್ತು. ಹೋದ ವಾರ ಅವಳು ಸದ್ದು ನಿಭಾಯಿಸುವ ನಾಟಕದ ಕೊನೆಯ ದೃಶ್ಯದಲ್ಲಿ, ಸಭೆಯೆಲ್ಲ ಉಸಿರು ಬಿಗಿಹಿಡಿದಿದ್ದಾಗ, ಅವಳ ಹಳೆಯ ಕಂಪ್ಯೂಟರು ಹೀಗೇ ಸಿಡಿದು ಜನ ಗೊಳ್ಳೆಂದು ನಕ್ಕಿದ್ದರು. ಇವತ್ತಿನ ಪ್ರದರ್ಶನದಲ್ಲೂ ಹಾಗಾದರೆ ಧ್ವನಿಯ ಕೆಲಸ ಬೇರೆಯವರಿಗೆ ಎಂದು ನಿರ್ದೇಶಕರು ಹೇಳಿಯಾಗಿತ್ತು.

"ತಾಳು." ಅಣ್ಣ ಮೌಸ್ ಎಳೆದುಕೊಂಡು ಸದ್ದನ್ನು ಒಂಚೂರು ಕೂಡಿಟ್ಟುಕೊಂಡು ಬಿಡುವ ಸೆಟ್ಟಿಂಗ್ ಒಂದನ್ನು ಹಿಗ್ಗಿಸಿದ. "ಈಗ ಒತ್ತು."

ಚಟಚಟ ನಿಂತಿತು. ಅವನ ಮುಖ ಅರಳಿತು.

"ಕೆನ್ನೆ ಕೊಡು," ಎಂದಳು ತಂಗಿ.

"ಯಾಕೇ?"

ಬಲಗೈಯಿಂದ ಅವನ ಕೆನ್ನೆಗೆ ಮೆಲ್ಲಗೆ ತಟ್ಟಿ, ಅದೇ ಕ್ಷಣ ಎಡಗೈಯಿಂದ ಕೀಲಿ ಒತ್ತಿದಳು. ಕೈ ಕೆನ್ನೆ ಬಿಟ್ಟು ಹಿಂದೆ ಬಂದ ಮೇಲೆ ಸ್ಪೀಕರು ಛಟೀರ್ ಎಂದಿತು.

"ನಾಯಕಿ ಹೊಡೆದು ಕೈ ತೆಗೆದ ಮೇಲೆ ಸದ್ದು ಬಂದ್ರೆ, ಆಗ್ಲೂ ನಗ್ತಾರೆ."

ಅವಳು ಮೂಲೆಯ ಬೋಳು ಡಬ್ಬಕ್ಕೆ ತನ್ನ ಡಿಸ್ಕ್ ಸಿಕ್ಕಿಸಿದಳು. ಸೆಟ್ಟಿಂಗನ್ನು ಮೊದಲಿನಷ್ಟಕ್ಕೇ ಇಟ್ಟು ಒತ್ತಿದಳು. ಒತ್ತಿದ ಕ್ಷಣವೇ ಏಟು, ಬೆನ್ನಿಗೇ ಮಳೆ, ರೈಲು, ಪಿಟೀಲು. ಸಾಸಿವೆಯಷ್ಟೂ ಸಿಡಿಯಲಿಲ್ಲ.

"ಕಾಯೋಕೆ ಪುರುಸೊತ್ತಿರೋರಿಗೆ ನಿಂದು ಒಳ್ಳೇದೇ ಅಣ್ಣ. ವಿಡಿಯೊ ಮಾಡೋರಿಗೆ ಕೊಡು."

ಅಣ್ಣ ಗಾಜಿನ ಪೆಟ್ಟಿಗೆಯ ಮೇಲೆ ಇಲ್ಲದ ಧೂಳು ಒರೆಸಿದ. "ನಿನಗೇ ಅಂತ ಕೂತು ಜೋಡಿಸಿದ್ದು ಕಣೇ. ದುಡ್ಡೂ ಬೇಡ, ಏನೂ ಬೇಡ. ಅಣ್ಣ ಕೊಟ್ಟ ಅಂತ ತಗೊಂಡು ಹೋಗು."

ಅವಳು ಬೋಳು ಡಬ್ಬವನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿದಳು.

"ಬೇಡ."