ಗಾಲಿಕುರ್ಚಿಗೆ ಜಾಗ

ಏಳು ಸೀಟಿನ ಕಾರಿನ ಡಿಕ್ಕಿಯ ಬಾಗಿಲು ಅಪ್ಪನ ಗಾಲಿಕುರ್ಚಿಗೆ ಬಡಿದು ಮತ್ತೆ ಮೇಲೆದ್ದಿತು. ಶಿವಮೊಗ್ಗದ ಈ ಮೂರನೇ ಶೋರೂಮಿನಲ್ಲೂ ಅದೇ ಕಥೆ. ಮೈಲೇಜು, ಏರ್‌ಬ್ಯಾಗು ಎಂದು ಹೋಲಿಸಿ ಹೋಲಿಸಿ ಮಲ್ಲೇಶನಿಗೆ ಸಾಕಾಗಿತ್ತು.

“ಹಿಂದಿನ ಸಾಲು ಪೂರ್ತಿ ಮಡಚಿದ್ರೆ ಹಿಡಿಯತ್ತೆ ಸಾರ್,” ಎಂದ ಸೇಲ್ಸ್‌ಮನ್.

“ಆಗ ಐದೇ ಸೀಟು. ನಾವು ಆರು ಜನ ಮಾರಾಯ್ರೆ.”

ಮುಂದಿನ ಸೀಟಿನಲ್ಲಿ ಕೂತಿದ್ದ ಅಪ್ಪ ಪರಮೇಶ್ವರಪ್ಪ ನಕ್ಕರು. “ನನ್ನನ್ನ ಭದ್ರಾವತಿ ಮನೇಲೇ ಬಿಟ್ಟು ಹೋಗ್ರೋ. ಕುರ್ಚೀನೂ ಬೇಕಾಗಲ್ಲ, ನೀವೆಲ್ಲ ಆರಾಮಾಗಿ ಕೂರ್ತೀರಿ.”

ಲೆಕ್ಕ ಸರಿಯಾಗಿಯೇ ಇತ್ತು. ತಿಂಗಳಿಂದ ಮಲ್ಲೇಶ ಆಸೆಪಟ್ಟಿದ್ದ ಸನ್‌ರೂಫು ಅಪ್ಪನ ತಲೆಯ ಮೇಲೆ ತೆರೆದಿತ್ತು. ಒಳಗೆ ಕೈಚಾಚಿ, ಗುಂಡಿ ಒತ್ತಿ, ಅದು ಪೂರ್ತಿ ಮುಚ್ಚುವವರೆಗೂ ನೋಡಿದ.

“ಸನ್‌ರೂಫ್ ಇಲ್ಲದ್ದು ತೋರ್ಸಿ,” ಎಂದ. “ಮೇಲೆ ಕ್ಯಾರಿಯರ್ ಹಾಕಿಸ್ಬೇಕು, ಕುರ್ಚಿಗೆ.”