ಪೂಜೆಯ ನೀರು ಕುಡಿದ ಗುಲಾಬಿ

ಒದ್ದೆ ಮಣ್ಣಿನಲ್ಲಿ ವಿಭೂತಿಯ ವಾಸನೆ ಬಂದರೆ ಈಗಲೂ ನನಗೆ ಜತ್ತ ಊರಿನ ನಮ್ಮ ಮನೆಯ ಬಿಳಿ ಗುಲಾಬಿ ನೆನಪಾಗುತ್ತದೆ.

ಪಡಸಾಲೆಯ ಕಿಟಕಿಯಲ್ಲಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಅದನ್ನು ಬೆಳೆಸಿದ್ದೆವು. ಹುಟ್ಟುಹಬ್ಬದ ದಿನ ಅದರ ಹೂ ಮುಡಿದು ಕಾನ್ವೆಂಟಿಗೆ ಹೋಗಬೇಕೆಂಬುದು ನನ್ನ ಆಸೆ. ಆದರೆ ಮೊಗ್ಗುಗಳೆಲ್ಲ ಅರಳುವ ಮೊದಲೇ ಕಂದು ಬಣ್ಣಕ್ಕೆ ತಿರುಗಿ ಉದುರಿ, ಒಂದೇ ಉಳಿದಿತ್ತು.

ಒಂದು ಮಧ್ಯಾಹ್ನ ನಾನು ಅಳುವುದನ್ನು ಕಂಡು ಅಜ್ಜಿ ಮಣ್ಣಿಗೆ ಬೆರಳಿಟ್ಟಳು. ಬರೀ ಕೆಸರು.

"ಯಾರ್ಯಾರು ನೀರ ಹಾಕೀರಿ ಇದಕ್ಕ?"

"ಲಿಂಗಪೂಜಿ ನೀರು ಕಾಲಾಗ ಬೀಳಬಾರ್ದಂತ ನಾ ಇಲ್ಲೇ ಹಾಕ್ತೀನಿ" ಎಂದ ಅಜ್ಜ.

"ನನ್ನ ಲಿಂಗಪೂಜಿ ನೀರೂ ಇಲ್ಲೇ ಹಾಕ್ತೀನ್ರಿ ಅತ್ತಿ" ಎಂದಳು ಅವ್ವ. ತಾನೂ ಅದನ್ನೇ ಮಾಡುತ್ತಿದ್ದ ಕಾಕಾ ತಲೆ ಕೆರೆದುಕೊಂಡ.

ಅಜ್ಜಿ ಹೊಟ್ಟೆ ಹಿಡಿದು ನಕ್ಕಳು. "ನಾನೂ ಅದನ್ನ ಮಾಡೀನಿ! ಪಾಪ, ಎಲ್ಲಾರೂ ಸೇರಿ ಇದನ್ನ ಪುಣ್ಯದಾಗ ಮುಳಗಿಸೇವಿ!"

ಮೊಳೆ ಹೊಡೆದು ಡಬ್ಬಿಯ ತಳಕ್ಕೆ ತೂತು ಮಾಡಿದಳು. ನೀರು ಸೋರಿತು. "ಮಣ್ಣು ಒಣಗೂತನಕ ಯಾರೂ ಇದರ ಹತ್ರ ಬರಬ್ಯಾಡ್ರಿ."

ಮರುದಿನದಿಂದ ಅಜ್ಜ ಪೂಜೆಯ ನೀರಿನ ಬಟ್ಟಲು ಹಿಡಿದು ಕಿಟಕಿಯವರೆಗೆ ಬಂದು, ನನ್ನ ಮುಖ ನೋಡಿ, ನಗುತ್ತ ಅಂಗಳದ ಬೇವಿನ ಗಿಡದತ್ತ ಹೋಗುತ್ತಿದ್ದ.

ಹುಟ್ಟುಹಬ್ಬದ ಬೆಳಿಗ್ಗೆ ಮೊಗ್ಗು ಅರಳಿತ್ತು. ಒಂದು ಎಸಳಿನ ಅಂಚು ಮಾತ್ರ ಕಂದಾಗಿತ್ತು. ನಾನು ಆ ಎಸಳನ್ನು ಕಿತ್ತುಹಾಕಲು ಹೋದರೆ ಅಜ್ಜಿ ಕೈ ಹಿಡಿದಳು.

"ಇರ್ಲಿ ಬಿಡವ್ವ, ಅಷ್ಟು ನಮ್ಮನಿ ಗುರ್ತು" ಎಂದು ಹೂವನ್ನು ಜಡೆಗೆ ಸಿಕ್ಕಿಸಿದಳು.