ಬಾಣಂತಿ ಕೋಣೆಯ ಆಮೆ

ಪ್ರಾಣಿಗಳ ಡಾಕ್ಟರು ಕಾಮಾಕ್ಷಮ್ಮನವರ ಹೆಬ್ಬೆರಳನ್ನು ಹಿಡಿದು ಮರಿ ಆಮೆಯ ಬೆನ್ನಿನ ಮೇಲೆ ಮೆಲ್ಲಗೆ ಒತ್ತಿಸಿದಳು. ಚಿಪ್ಪು ಒಳಕ್ಕೆ ತಗ್ಗಿತು. ಬೆರಳು ತೆಗೆದೊಡನೆ ಮತ್ತೆ ಮೇಲೆದ್ದಿತು. ಕಾಮಾಕ್ಷಮ್ಮ ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಆಮೆ ಅಂದರೆ ಕಲ್ಲಿನಂಥ ಚಿಪ್ಪು ಎಂದು ಇಷ್ಟು ವರ್ಷ ನಂಬಿಕೊಂಡು ಬಂದ ಜೀವ ಅದು.

“ಇದೇನು ಸಂದೀಪ್, ಹೀಗೆ ಒಳಗೆ ಹೋಗುತ್ತಲ್ಲ!”

ಅಳಿಯನ ಮುಖ ಆಗಲೇ ಬಿಳಿಚಿಕೊಂಡಿತ್ತು. ಚಕ್ಕುಲಿ ಎಂದು ಹೆಸರಿಟ್ಟು ಅವನು ಮುದ್ದಿನಿಂದ ಸಾಕಿದ ಆಮೆಮರಿ ಅದು. ಮಗಳು ಜಾಹ್ನವಿಯ ಹೆರಿಗೆಗೆಂದು ಕಾಮಾಕ್ಷಮ್ಮ ಮೈಸೂರಿನಿಂದ ಪರದೇಶದ ಈ ಗ್ರೀನ್‌ಫರ್ಡಿಗೆ ಬಂದಮೇಲೆ ಅದರ ಪೆಟ್ಟಿಗೆ ಬಾಣಂತಿ ಕೋಣೆ ಸೇರಿತ್ತು. ಈ ಚಳಿಯಲ್ಲಿ ಮನೆಗೆಲ್ಲ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ಮಗಳು, ಮೊಮ್ಮಗು, ಆಮೆ ಮೂವರದೂ ಬಾಣಂತನ ಒಟ್ಟಿಗೇ ಆಗಲಿ ಎಂದು ಕಾಮಾಕ್ಷಮ್ಮ ನಗುನಗುತ್ತಲೇ ಒಪ್ಪಿಕೊಂಡಿದ್ದರು.

ಡಾಕ್ಟರು ಏನೋ ಕೇಳಿದಳು. ಸಂದೀಪ್ ಅತ್ತೆಯ ಕಡೆ ತಿರುಗಿದ. “ಪೆಟ್ಟಿಗೆಯ ದೀಪ ದಿನಾ ಉರೀತಿತ್ತಾ ಅಂತ ಕೇಳ್ತಿದ್ದಾರೆ ಅತ್ತೆ.”

“ಉರೀದೆ ಏನು? ಬೆಳಗಿಂದ ಸಂಜೆ ತನಕ ಉರಿಯುತ್ತೆ. ಪೆಟ್ಟಿಗೆಗೆ ಗಾಳಿ ಸೋಕದ ಹಾಗೆ ನಾನೇ ಮೇಲೊಂದು ಗಾಜು ಬೇರೆ ಮುಚ್ಚಿದೀನಿ.”

“ಗಾಜಾ? ದೀಪಕ್ಕೂ ಅದಕ್ಕೂ ಮಧ್ಯೆ ಗಾಜಾ?”

“ಬೆಳಕು ಬೀಳುತ್ತಲ್ರೀ!”

“ಸೊಪ್ಪಿನ ಮೇಲೆ ನಾನು ಪುಡಿ ಉದುರಿಸಿ ಇಡ್ತಿದ್ದೆನಲ್ಲ, ಅದು?”

“ಆ ಬಿಳೀ ಧೂಳಾ? ಚೆನ್ನಾಗಿ ತೊಳೆದೇ ಹಾಕ್ತಿದ್ದೆ. ಪಾಪ, ಮೂಕಪ್ರಾಣಿ, ಹೊಟ್ಟೆ ಕೆಟ್ರೆ ಹೇಳೋಕೆ ಬರುತ್ತಾ?”

ಸಂದೀಪ್ ಹಣೆಗೆ ಕೈ ಒತ್ತಿಕೊಂಡ. ಅತ್ತೆಯನ್ನು ಅನ್ನುವ ಹಾಗಿಲ್ಲ. ತಾನೂ ಮಗು ಬಂದಮೇಲೆ ಬಾಗಿಲಲ್ಲೇ ನಿಂತು ಇಣುಕಿ, ದೀಪ ಉರಿಯುತ್ತಿದೆ ಎಂದು ಸಮಾಧಾನಪಟ್ಟುಕೊಂಡು ಲ್ಯಾಪ್‌ಟಾಪಿಗೆ ಮರಳಿದವನೇ. ಡಾಕ್ಟರು ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದ. ಬೆಚ್ಚಗಿಟ್ಟರೆ ಸಾಲದು. ಮೂಳೆ ಗಟ್ಟಿಯಾಗಲು ಬಿಸಿಲು ಬೇಕು, ಇಲ್ಲವೇ ಆ ದೀಪದ ನೇರ ಬೆಳಕು ಬೇಕು. ಬೆಳಕಿನಲ್ಲಿ ಬೇಕಾದ ಅಂಶವೇ ಗಾಜಿನ ಆಚೆ ಉಳಿದುಬಿಡುತ್ತದೆ. ತೊಳೆದುಹೋದದ್ದು ಧೂಳಲ್ಲ, ಕ್ಯಾಲ್ಸಿಯಂ. ಬೆಳೆಯುವ ಮರಿಗೆ ಎರಡೂ ತಪ್ಪಿದರೆ ಚಿಪ್ಪು ಹೀಗಾಗುತ್ತದೆ.

“ಬದುಕುತ್ತಂತಾ?”

“ಈಗಲೇ ಹೇಳೋಕಾಗಲ್ಲ ಅಂತಾರೆ.”

ಡಾಕ್ಟರು ಒಂದು ಪುಟ್ಟ ಬಾಟಲಿ ತಂದು ಮೇಜಿನ ಮೇಲಿಟ್ಟು, “ವಿಟಮಿನ್ ಡಿ” ಎಂದಳು. ಅದನ್ನು ಅನುವಾದಿಸಿ ಹೇಳಬೇಕಾಗಲಿಲ್ಲ. ಬಾಟಲಿಯ ಮೇಲಿನ ದಪ್ಪ ‘ಡಿ’ ಅಕ್ಷರವನ್ನು ಕಾಮಾಕ್ಷಮ್ಮ ನೋಡಿಯೇ ನೋಡಿದರು. ಅದೇ ಅಕ್ಷರವಿದ್ದ ಬಾಟಲಿಯನ್ನು, ಮಗುವನ್ನು ನೋಡಲು ಮನೆಗೆ ಬಂದಿದ್ದ ನರ್ಸು ಕೈಗಿಟ್ಟು, ದಿನವೂ ತಪ್ಪದೆ ಹಾಕಿ ಎಂದಿದ್ದಳು. ಎದೆಹಾಲು ಕುಡಿಯುವ ಕೂಸಿಗೆ ಔಷಧಿ ಯಾತಕ್ಕೆ ಎಂದು ಕಾಮಾಕ್ಷಮ್ಮ ಅದನ್ನು ಸಾಂಬ್ರಾಣಿ ಡಬ್ಬಿಯ ಹಿಂದೆ ಸರಿಸಿಟ್ಟಿದ್ದರು. ಜಾಹ್ನವಿ ಒಂದೆರಡು ಸಲ ಗೊಣಗಿ ಸುಮ್ಮನಾಗಿದ್ದಳು. ಬಾಣಂತಿಯ ಮಾತು ನಡೆಯುವ ಮನೆ ಯಾವುದು ಹೇಳಿ?

ಕಾರಿನಲ್ಲಿ ಬಿಸಿನೀರಿನ ಚೀಲದ ಮೇಲೆ ಆಮೆಯ ಡಬ್ಬ ಇಟ್ಟುಕೊಂಡು ಕಾಮಾಕ್ಷಮ್ಮ ಕೂತಿದ್ದರು. ಅವರಿಗೆ ಭಯವಾಗಿತ್ತು. ಆ ಭಯ ಮಡಿಲಲ್ಲಿದ್ದ ಆಮೆಯ ಬಗ್ಗೆ ಆಗಿರಲಿಲ್ಲ. ಕೂಸು ಹುಟ್ಟಿದ್ದು ನವೆಂಬರಿನಲ್ಲಿ, ಈಗ ಫೆಬ್ರವರಿ. ಅಲ್ಲಿಂದ ಇಲ್ಲಿಯವರೆಗೆ ತಾಯಿಯನ್ನಾಗಲಿ ಮಗುವನ್ನಾಗಲಿ ಹೊಸ್ತಿಲು ದಾಟಿಸಿರಲಿಲ್ಲ. ಕಿಟಕಿಯ ಪರದೆಯನ್ನೂ ಸರಿಸಲು ಬಿಟ್ಟಿರಲಿಲ್ಲ.

ಕೋಣೆ ಬಿಟ್ಟುಹೋದ ಹಾಗೇ ಇತ್ತು. ಎಳೆದ ಪರದೆ, ಹೀಟರಿನ ಕಾವು, ಸಾಂಬ್ರಾಣಿ ಹೊಗೆಯ ವಾಸನೆ. ತಲೆಗೆ ಸ್ಕಾರ್ಫ್ ಬಿಗಿದುಕೊಂಡಿದ್ದ ಜಾಹ್ನವಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು.

“ಚಕ್ಕುಲಿಗೆ ಏನಂತಮ್ಮ?”

ಕಾಮಾಕ್ಷಮ್ಮ ಡಬ್ಬವನ್ನು ಅಳಿಯನ ಕೈಗೆ ಕೊಟ್ಟು, ಕೈ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಂಡರು. ನೆತ್ತಿಯ ತಂಟೆಗೆ ಹೋಗಲಿಲ್ಲ. ನೆತ್ತಿ ಮೆತ್ತಗಿರುತ್ತದೆಂದು ಎರಡು ಮಕ್ಕಳನ್ನು ಹೆತ್ತವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಿವಿಯ ಹಿಂದೆ, ಮೂಳೆ ಗಟ್ಟಿಯಾಗಿರಬೇಕಾದ ಜಾಗದಲ್ಲಿ ಹೆಬ್ಬೆರಳಿಟ್ಟರು. ಹೂವಿನ ಮೇಲಿಟ್ಟಷ್ಟು ಹಗುರವಾಗಿ ಒತ್ತಿದರು.

ತಗ್ಗಿತು. ಬೆರಳು ತೆಗೆದೊಡನೆ ಮತ್ತೆ ಮೇಲೆದ್ದಿತು.

“ಅಮ್ಮ? ಯಾಕೆ ಹಾಗೆ ನಿಂತ್ಬಿಟ್ಟೆ?”

“ಸಂದೀಪ್, ನಿಮ್ಮ ಜಿಪಿ ಡಾಕ್ಟರಿಗೆ ಫೋನ್ ಮಾಡಿ. ಈಗಲೇ ಮಾಡಿ.” ಅವರ ಧ್ವನಿ ಅವರಿಗೇ ಗುರುತು ಸಿಗಲಿಲ್ಲ. ಒಂದು ಕೈಯಲ್ಲಿ ಮಗುವನ್ನು ಅವಚಿಕೊಂಡು, ಇನ್ನೊಂದು ಕೈಯನ್ನು ಸಾಂಬ್ರಾಣಿ ಡಬ್ಬಿಯ ಹಿಂದೆ ತೂರಿಸಿ ತಡಕಾಡಿದರು. ಬಾಟಲಿ ಸಿಕ್ಕಿತು. ಮುಚ್ಚಳದ ಸೀಲು ಹಾಗೇ ಇತ್ತು.

“ಏನಾಯ್ತು ಹೇಳಮ್ಮ!” ಜಾಹ್ನವಿ ಚೀರಿದಳು.

“ದಿನಾ ಎಣ್ಣೆ ಹಚ್ಚಿ ಇಲ್ಲೇ ಒತ್ತಿ ಒತ್ತಿ ತಲೆ ದುಂಡಗೆ ಮಾಡ್ತಿದ್ದೆ ಕಣೆ,” ಎಂದರು ಕಾಮಾಕ್ಷಮ್ಮ. “ಎಷ್ಟು ಚೆನ್ನಾಗಿ ಬಗ್ಗುತ್ತೆ ಅಂತ ಹಿಗ್ತಿದ್ದೆ.”